ಮೂವತ್ತೆರಡನೇ ವಿಧಿ ಮತ್ತು ಮೇಣದ ಬತ್ತಿ

ಬಲಿಪೂಜೆಯ ನಿಯಮ ಕೆಟ್ಟುಹೋಗ್ತಾ ಉಂಟಂತೆ. ಉಡುಪಿ, ಕಾಪು, ಕಾರ್ಕಳದ ಕಡೆ ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಪಾದ್ರಿಗಳು ಪುಸ್ತಕದಲ್ಲಿಲ್ಲದ ಮಾತು ಸೇರಿಸಿ ಪ್ರಾರ್ಥನೆ ಹೇಳಿದರಂತೆ. ಹಾಡುವ ಹುಡುಗರು ಸಿನಿಮಾ ಧಾಟಿಗೆ ಕೀರ್ತನೆ ಕೂರಿಸಿದರಂತೆ. ಪ್ರವಚನ ಮುಕ್ಕಾಲು ಗಂಟೆ ಎಳೆಯಿತಂತೆ. ಪಾದ್ರಿಗಳು ಕುರ್ಚಿಯಲ್ಲಿ ಕೂತು ಪರಮಪ್ರಸಾದವನ್ನು ಬೇರೆಯವರಿಂದ ಹಂಚಿಸಿದರಂತೆ. ಆರತಿ ಬೇರೆ ಎತ್ತಿದರಂತೆ, ಇದೆಂತ ಇಗರ್ಜಿಯಾ ದೇವಸ್ಥಾನವಾ ಅಂತ ಒಬ್ಬರಿಗೆ ತಡೆಯಲಾರದ ಸಿಟ್ಟು.

ಈ ಸಿಟ್ಟನ್ನು ನಾನು ತಮಾಷೆ ಮಾಡುವುದಿಲ್ಲ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಕ್ಯಾಥೊಲಿಕ್ ಮಾಸ್ಟ್ರೊಬ್ಬರು ಇದ್ದಾರೆ, ಈಗ ನಿವೃತ್ತರು. ಜಾತಿ ಕೇಳದೆ ನನ್ನ ಕೈಗೆ ಪುಸ್ತಕ ಕೊಟ್ಟವರು. ಅವರ ಹತ್ತಿರ ಒಂದು ನೋಟ್‌ಬುಕ್ ಉಂಟು. ಪ್ರತಿ ವಾರ ಪೂಜೆಯಲ್ಲಿ ಯಾವ ನಿಯಮ ತಪ್ಪಿತು ಅಂತ ತಾರೀಕು ಸಮೇತ ಬರೆದಿಡುತ್ತಾರೆ. ಬಿಷಪರಿಗೆ ಎರಡು ಸಲ ಕಾಗದ ಹಾಕಿದ್ದಾರೆ. ಹಾಕುವುದು ಅವರ ಹಕ್ಕು. 2004ರಲ್ಲಿ ರೋಮ್ ಹೊರಡಿಸಿದ ‘ರೆಡೆಂಪ್ತಿಯೋನಿಸ್ ಸಾಕ್ರಮೆಂತುಮ್’ ಎಂಬ ಆಜ್ಞಾಪತ್ರದಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಪೂಜಾವಿಧಿ ಕೆಟ್ಟದ್ದು ಕಂಡರೆ ಯಾವ ಕ್ಯಾಥೊಲಿಕನೂ, ಪಾದ್ರಿಯಾಗಿರಲಿ ಕೂಲಿಯಾಗಿರಲಿ, ಬಿಷಪರಿಗೆ ದೂರು ಕೊಡಬಹುದು. ಬೇಕಾದರೆ ನೇರ ಪೋಪರ ಪೀಠಕ್ಕೇ ಬರೆಯಬಹುದು. ಉಡುಪಿಯ ಮಠದ ಪಂಕ್ತಿಭೇದಕ್ಕೆ ಬೀದಿಯಲ್ಲಿ ಕೂಗಿ ಗಂಟಲು ಹರಿದುಕೊಂಡ ನಮಗೆ ಇಂಥ ಒಂದು ಕಾಗದದ ಆಧಾರವೂ ಇರಲಿಲ್ಲ, ನೋಡಿ.

ಆ ಆಜ್ಞಾಪತ್ರದಲ್ಲಿ ಏನೇನು ಕೂಡದು ಅಂತ ಉದ್ದದ ಲೆಕ್ಕ ಇದೆ. ರೊಟ್ಟಿಗೆ ಗೋಧಿ ಬಿಟ್ಟು ಬೇರೆ ಹಿಟ್ಟು ಕೂಡದು. ಪಾದ್ರಿ ಹೇಳಬೇಕಾದ ಪ್ರಾರ್ಥನೆಯನ್ನು ಜನ ಹೇಳಕೂಡದು. ದ್ರಾಕ್ಷಾರಸದ ಪಾತ್ರೆ ಗಾಜಿನದ್ದಾಗಲಿ ಮಣ್ಣಿನದ್ದಾಗಲಿ ಆಗಕೂಡದು, ಒಡೆಯುತ್ತದೆ ಅಂತ. ಇದನ್ನು ಓದಿದಾಗ ನನಗೆ ನಮ್ಮಜ್ಜನ ನೆನಪಾಯಿತು. ಹೋಟೆಲಿನ ಹಿಂದುಗಡೆ ನಿಂತು ಗೆರಟೆಯಲ್ಲಿ ಚಹಾ ಕುಡಿದ ಮನುಷ್ಯ. ಅವನ ಬಾಯಿ ತಾಗಿದರೆ ಪಾತ್ರೆ ಕೆಡುತ್ತದೆ ಅಂತ ಗೆರಟೆ ಕೊಟ್ಟರು. ಇಲ್ಲಿ ದೇವರ ರಕ್ತ ತಾಗುವ ಪಾತ್ರೆ ಕೆಡಬಾರದು ಅಂತ ಮಣ್ಣನ್ನು ಹೊರಗಿಟ್ಟರು. ಕಾರಣ ಬೇರೆ ಬೇರೆ, ಒಪ್ಪುತ್ತೇನೆ. ಆದರೆ ಮಣ್ಣಿನ ಮಡಕೆಯಲ್ಲೇ ಬದುಕಿದವನಿಗೆ ಎರಡೂ ಒಂದೇ ಹಾಗೆ ಕೇಳುತ್ತದೆ.

ಇರಲಿ. ಮಾಸ್ಟ್ರ ನೋಟ್‌ಬುಕ್ಕಿನಲ್ಲಿ ಇಲ್ಲದ ಒಂದು ನಿಯಮದ ಬಗ್ಗೆ ಬರೆಯಲು ಕೂತಿದ್ದೇನೆ.

1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಗೆ ಒಂದು ಸಂವಿಧಾನ ಹೊರಡಿಸಿತು. ಹೌದು, ಅದರ ಹೆಸರೇ ಸಂವಿಧಾನ. ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲಿ ಪೂಜೆ ಹೇಳಲು ದಾರಿ ತೆರೆದದ್ದು ಇದೇ ಪತ್ರ. ಅದರ 32ನೇ ವಿಧಿ ಹೇಳುವುದು ಇಷ್ಟು: ಪೂಜೆಯಲ್ಲಿ ಪಾದ್ರಿಗೆ ಅವನ ಕೆಲಸದಿಂದ, ದೀಕ್ಷೆಯಿಂದ ಬರುವ ಸ್ಥಾನ ಇರಲಿ, ನಿಯಮದ ಪ್ರಕಾರ ಸರ್ಕಾರಿ ಅಧಿಕಾರಿಗಳಿಗೆ ಸಲ್ಲುವ ಮರ್ಯಾದೆ ಇರಲಿ, ಅದು ಬಿಟ್ಟು ಯಾವ ಖಾಸಗಿ ವ್ಯಕ್ತಿಗೂ, ಯಾವ ವರ್ಗಕ್ಕೂ ವಿಶೇಷ ಗೌರವ ಕೂಡದು. ಕ್ರಿಯೆಯಲ್ಲೂ ಕೂಡದು, ಹೊರಗಿನ ಆಡಂಬರದಲ್ಲೂ ಕೂಡದು. ನಮ್ಮ ದೇಶದ ಸಂವಿಧಾನದಲ್ಲಿ ಬಾಬಾಸಾಹೇಬರು ಹೃದಯ, ಆತ್ಮ ಎಂದು ಕರೆದದ್ದೂ 32ನೇ ವಿಧಿಯನ್ನೇ. ಅನ್ಯಾಯವಾದರೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುವ ಹಕ್ಕು ಅದು. ಸಂಖ್ಯೆ ಒಂದೇ ಆದದ್ದು ಆಕಸ್ಮಿಕ. ನನ್ನಂಥವನು ಇಂಥ ಆಕಸ್ಮಿಕವನ್ನು ಸುಮ್ಮನೆ ಬಿಡುವುದಿಲ್ಲ ಮಾರಾಯ್ರೆ.

ಈಗ ನಮ್ಮ ಕರಾವಳಿಯ ವಾರ್ಷಿಕ ಹಬ್ಬದ ಪೂಜೆ ನೋಡಿ. ಹಬ್ಬದ ಖರ್ಚಿಗೆ ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಅವರು ಒಬ್ಬೊಬ್ಬರಾಗಿ ಬಲಿಪೀಠದ ಮುಂದೆ ಬರುತ್ತಾರೆ, ಪಾದ್ರಿಗಳು ಕೈಗೆ ಮೇಣದ ಬತ್ತಿ ಕೊಟ್ಟು ಗೌರವಿಸುತ್ತಾರೆ. ಫೋಟೋ ತೆಗೆಯುತ್ತಾರೆ. ಎಷ್ಟೋ ಕಡೆ ಇದು ಹಬ್ಬದ ಅಂಗವೇ ಆಗಿಹೋಗಿದೆ. ಯಾರಿಗೂ ಇದು ನಿಯಮಭಂಗ ಅನ್ನಿಸುವುದಿಲ್ಲ. ಗಿಟಾರ್ ಬಾರಿಸಿದರೆ ನಿಯಮಭಂಗ, ದುಡ್ಡಿಗೆ ಬತ್ತಿ ಕೊಟ್ಟರೆ ಸಂಪ್ರದಾಯ.

ನನ್ನ ದೊಡ್ಡಮ್ಮನ ಮನೆಯವರು ಎರಡು ತಲೆಮಾರಿನಿಂದ ಕ್ರೈಸ್ತರು. ಯಾವ ಊರು, ಯಾವ ಇಗರ್ಜಿ ಅಂತ ಹೇಳುವುದಿಲ್ಲ. ಹೇಳಿದರೆ ಅವಳ ಅಂಗಳ ಗುಡಿಸುವ ಕೆಲಸ ಹೋಗುತ್ತದೆ. ಒಂದು ಹಬ್ಬಕ್ಕೆ ನಾನೂ ಹೋಗಿದ್ದೆ. ಮೂರು ದಿನ ಅವಳು ಅಂಗಳ ಗುಡಿಸಿ, ಚರಂಡಿ ಬಳಿದು, ತೋರಣದ ಬಳ್ಳಿ ಹೊತ್ತಿದ್ದಳು. ಪೂಜೆಯ ಹೊತ್ತಿಗೆ ಹಿಂದಿನ ಬಾಗಿಲ ಹತ್ತಿರ, ಬೆಂಚು ಖಾಲಿ ಇದ್ದರೂ, ನಿಂತೇ ಇದ್ದಳು. ಮುಂದೆ ಬತ್ತಿ ಹಂಚುವುದು ಶುರುವಾಯಿತು. ನಿನಗಿಲ್ವಾ ದೊಡ್ಡಮ್ಮ ಅಂದೆ. “ಅವು ನಂಕತ್ತ್ ಮಗಾ” ಅಂದಳು, ತುಳುವಿನಲ್ಲಿ. ಅದು ನಮಗಲ್ಲ. ಬೇಸರವಿಲ್ಲದೆ ಹೇಳಿದಳು, ಮಳೆ ಬರುವ ಹಾಗುಂಟು ಅಂತ ಹೇಳಿದ ಹಾಗೆ. ಸುತ್ತ ನಡೆಯುತ್ತಿದ್ದ ಪೂಜೆ ಕೊಂಕಣಿಯಲ್ಲಿತ್ತು. ಮಣಿಪಾಲಕ್ಕೆ ಹೊರನಾಡಿನಿಂದ ಓದಲು ಬಂದವರಿಗೆ ಇಂಗ್ಲಿಷಿನಲ್ಲಿ ಪೂಜೆ ಉಂಟು, ಇರಲಿ, ಬೇಕು. ದೊಡ್ಡಮ್ಮನ ಮನೆಮಾತಿಗೆ ಆ ದಿನ ಸಿಕ್ಕಿದ ಜಾಗ ಹಿಂದಿನ ಬಾಗಿಲ ಪಿಸುಮಾತಿನಷ್ಟೇ. 1847ರಷ್ಟು ಹಿಂದೆಯೇ ಬಾಸೆಲ್ ಮಿಷನಿನವರು ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚು ಹಾಕಿದ್ದು ಇದೇ ಕರಾವಳಿಯಲ್ಲಿ.

‘ಬತ್ತಿ ಕೊಡುವುದು ದುಡ್ಡಿಗೆ, ಜಾತಿಗಲ್ಲ’ ಅನ್ನುವವರು ಇದ್ದಾರೆ. ನಮ್ಮೂರಲ್ಲಿ ದುಡ್ಡು ಯಾವ ಜಾತಿಯವರ ಮನೆಯಲ್ಲಿ ಮಲಗುತ್ತದೆ ಅಂತ ಅವರಿಗೂ ಗೊತ್ತು. ಬಾಮಣ, ಚಾರೊಡಿ, ಶುದಿರ್ ಎಂಬ ಹೆಸರುಗಳು ಗೋವೆಯಿಂದ ಬಂದ ಗಂಟಿನಲ್ಲಿ ಬಂದವು, ಮದುವೆಯ ಮಾತು ಬಂದಾಗ ಇವತ್ತಿಗೂ ಗಂಟು ಬಿಚ್ಚುತ್ತಾರೆ. ಆ ಗಂಟಿನ ಹೊರಗಿನವರು ನನ್ನ ದೊಡ್ಡಮ್ಮನಂಥವರು.

ಜಾತಿಗಾಗಿ ಪೂಜೆಯ ನಿಯಮ ಮುರಿದದ್ದು ಇವತ್ತು ಶುರುವಾದದ್ದಲ್ಲ. ಹದಿನೇಳನೇ ಶತಮಾನದಲ್ಲಿ ಮಧುರೆಯಲ್ಲೂ ಮೈಸೂರು ಸೀಮೆಯಲ್ಲೂ ಜೆಸ್ಯುಯಿಟ್ ಪಾದ್ರಿಗಳು ಸನ್ಯಾಸಿ ವೇಷ ಹಾಕಿ ಮೇಲ್ಜಾತಿಗಳನ್ನು ಒಲಿಸಲು ಹೊರಟರು. ಆಗಿನ ಜ್ಞಾನಸ್ನಾನದ ವಿಧಿಯಲ್ಲಿ ಪಾದ್ರಿ ತನ್ನ ಉಗುಳನ್ನು ಬೆರಳಲ್ಲಿ ತೆಗೆದು ಮುಟ್ಟಿಸುವ ಒಂದು ಕ್ರಮ ಇತ್ತು. ಮೇಲ್ಜಾತಿಯವರಿಗೆ ಎಂಜಲು ಅಸಹ್ಯ. ಬಿಟ್ಟುಬಿಟ್ಟರು! ರೋಮಿನ ವಿಧಿಯನ್ನೇ ಮಡಿಗಾಗಿ ಕತ್ತರಿಸಿದರು. ಅದೇ ಹೊತ್ತಿಗೆ ಪರಯರ ಗುಡಿಸಲಲ್ಲಿ ಸಾಯುತ್ತ ಮಲಗಿದವನಿಗೆ ಕೊನೆಯ ಸಂಸ್ಕಾರ ಕೊಡಲು ಒಳಗೆ ಹೋಗುತ್ತಿರಲಿಲ್ಲ. ಹೋದರೆ ಮೇಲ್ಜಾತಿಯವರು ಮತ್ತೆ ಹತ್ತಿರ ಸೇರಿಸುವುದಿಲ್ಲ ಅಂತ. 1704ರಲ್ಲಿ ಪೋಪರ ಪ್ರತಿನಿಧಿಯಾಗಿ ಬಂದ ತುರ್ನೋನ್ ಪಾಂಡಿಚೇರಿಯಲ್ಲಿ ಕೂತು ಆಜ್ಞೆ ಮಾಡಿದ: ಉಗುಳಿನ ವಿಧಿ ಬಿಡಕೂಡದು, ಪರಯರ ಮನೆಗೆ ಹೋಗಿ ಸಂಸ್ಕಾರ ಕೊಡಲೇಬೇಕು. ನಲವತ್ತು ವರ್ಷ ವಾದ ನಡೆಯಿತು. 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಪೋಪ್ ತೀರ್ಪು ಕೊಟ್ಟ. ಕೊನೆಗೆ ಒಪ್ಪಿತವಾದ ಉಪಾಯ ಏನು ಗೊತ್ತುಂಟಾ? ಪರಯರಿಗೆ ಬೇರೆ ಪಾದ್ರಿಗಳು. ಮೇಲ್ಜಾತಿಯ ಪಾದ್ರಿ ಬೇರೆ, ಕೀಳ್ಜಾತಿಯ ಪಾದ್ರಿ ಬೇರೆ. ನಿಯಮವೂ ಉಳಿಯಿತು, ಮಡಿಯೂ ಉಳಿಯಿತು.

ಪಾದ್ರಿಯ ಬೆರಳ ತುದಿಯ ಉಗುಳನ್ನು ಸಹಿಸಲಾರದ ಈ ನಾಡಿನ ಮೇಲ್ಜಾತಿಗಳು, ತಮ್ಮ ಕೂದಲು ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ಅದಕ್ಕೆ ಅಜಲು ಅಂತ ಹೆಸರಿಟ್ಟವರು. ಅದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ ಕಾನೂನು ಮಾಡಿದ್ದು 2000ದಲ್ಲಿ.

ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬಲ್ಲಿ ಇಗರ್ಜಿಯನ್ನೇ ಪ್ಯಾಂಟಿನ ಎರಡು ಕಾಲಿನ ಹಾಗೆ ಕಟ್ಟಿದ್ದರು. ಒಂದು ಕಾಲು ವೆಳ್ಳಾಳರಿಗೆ, ಒಂದು ನಾಡಾರರಿಗೆ, ನಡುವೆ ಗೋಡೆ, ತುದಿಯಲ್ಲಿ ಇಬ್ಬರಿಗೂ ಕಾಣುವ ಒಂದೇ ಬಲಿಪೀಠ. 1910ರಲ್ಲಿ ಪಾದ್ರಿಗಳೇ ಗೋಡೆ ಕೆಡವಿಸಿದರು. ಗೋಡೆ ಬೇಕು ಅಂತ ಮೇಲ್ಜಾತಿಯವರು ಮದ್ರಾಸ್ ಹೈಕೋರ್ಟಿನ ತನಕ ಹೋಗಿ ಸೋತರು. ನೂರು ವರ್ಷ ಹಿಂದಿನ ಮಾತು ಅನ್ನಬೇಡಿ. 2008ರ ಮಾರ್ಚಿನಲ್ಲಿ ವಿಳ್ಳುಪುರಂ ಜಿಲ್ಲೆಯ ಎರೈಯೂರಿನಲ್ಲಿ ದಲಿತ ಕ್ರೈಸ್ತರು ನಮಗೆ ಬೇರೆ ಧರ್ಮಕೇಂದ್ರ ಕೊಡಿ ಅಂತ ಉಪವಾಸ ಕೂತರು. ಅದೇ ಶಿಲುಬೆಗೆ ಕೈಮುಗಿಯುವ ವನ್ನಿಯ ಕ್ರೈಸ್ತರು ಅವರ ಮೇಲೆ ಬಿದ್ದರು. ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೇ ದಲಿತ ಸಬಲೀಕರಣದ ನೀತಿಪತ್ರ ಹೊರಡಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡಿತು. ಆ ಪತ್ರದ ಲೆಕ್ಕದಲ್ಲಿ ದೇಶದ 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ದಲಿತರು. ಅಂದರೆ ಬಹುಸಂಖ್ಯಾತರು ಹಿಂದಿನ ಬಾಗಿಲಲ್ಲಿ ನಿಂತಿದ್ದಾರೆ.

ಇದನ್ನು ಓದಿ ಕೇಸರಿ ಶಾಲಿನವರು ಕುಣಿಯುವುದು ಬೇಡ. 2008ರ ಸೆಪ್ಟೆಂಬರಿನಲ್ಲಿ ಈ ಕರಾವಳಿಯ ಪ್ರಾರ್ಥನಾಲಯಗಳಿಗೆ ನುಗ್ಗಿ ಶಿಲುಬೆ ಒಡೆದವರ ಬಾಯಿಂದ ಸಮಾನತೆಯ ಪಾಠ ಕೇಳಬೇಕಾದ ಗತಿ ನಮಗೆ ಬಂದಿಲ್ಲ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ‘ಚಲೋ ಉಡುಪಿ’ ಹೊರಟದ್ದು ಯಾರ ವಿರುದ್ಧ ಅಂತ ಅವರಿಗೆ ಮರೆತಿರಲಿಕ್ಕಿಲ್ಲ. ಆ ಪಂಕ್ತಿಯ ಊರಿನಿಂದ ಓಡಿಹೋದವರೇ ಇಗರ್ಜಿಯ ಮೆಟ್ಟಿಲು ಹತ್ತಿದ್ದು. ಅಲ್ಲೂ ಪಂಕ್ತಿ ಇದ್ದರೆ ಕೇಳುವ ಹಕ್ಕು ನಮ್ಮದು, ನಿಮ್ಮದಲ್ಲ.

ಇನ್ನು ಆರತಿಯ ವಿಚಾರ. ಮಾಸ್ಟ್ರೆ, ಆರತಿ ನಿಯಮಭಂಗ ಅಲ್ಲ. 1969ರ ಏಪ್ರಿಲಿನಲ್ಲಿ ರೋಮ್ ಒಪ್ಪಿಗೆ ಕೊಟ್ಟ 12 ಅಂಶಗಳಲ್ಲಿ ಆರತಿ ಉಂಟು, ಎಣ್ಣೆಯ ದೀಪ ಉಂಟು, ಚಪ್ಪಲಿ ಬಿಟ್ಟು ನೆಲದಲ್ಲಿ ಕೂರುವುದು ಉಂಟು, ಕೈಮುಗಿಯುವುದು ಉಂಟು, ಪಾದ್ರಿಗೆ ಶಾಲು ಉಂಟು. ಬೆಂಗಳೂರಿನ ಎನ್.ಬಿ.ಸಿ.ಎಲ್.ಸಿ. ಕೇಂದ್ರ ಕಟ್ಟಿದ ಡಿ.ಎಸ್. ಅಮಲೋರ್ಪವದಾಸ್ ಅವರು ಇದರ ಹಿಂದೆ ದುಡಿದವರು. ಅವರ ಉದ್ದೇಶದಲ್ಲಿ ನನಗೆ ಸಂಶಯವಿಲ್ಲ. ಆದರೆ ಭಾರತೀಯ ಅಂದ ಕೂಡಲೆ ಅವರ ಕಣ್ಣಿಗೆ ಬಿದ್ದದ್ದು ಯಾರ ಭಾರತ? ಆರತಿ, ಅಂಗವಸ್ತ್ರ, ಸಂಸ್ಕೃತದ ಶ್ಲೋಕದ ವಾಸನೆ. ಕೊರಗರ ಡೋಲು ಆ ಹನ್ನೆರಡರಲ್ಲಿ ಇಲ್ಲ. ದೊಡ್ಡಮ್ಮನ ಪಾಡ್ದನ ಇಲ್ಲ. ನೀವು ಆರತಿಯನ್ನು ಬೈಯುವುದು ಅದು ಹಿಂದೂ ಅಂತ. ನಾನು ಕೇಳುವುದು ಬೇರೆ: ನಮ್ಮನ್ನು ಗರ್ಭಗುಡಿಯ ಹೊರಗೆ ನಿಲ್ಲಿಸಿದ ತಟ್ಟೆಯೇ ಇಗರ್ಜಿಗೂ ಬರಬೇಕಿತ್ತಾ? ಪ್ರೊಟೆಸ್ಟೆಂಟರಲ್ಲಿ ಒಬ್ಬ ಥಿಯೊಫಿಲಸ್ ಅಪ್ಪಾವು ಇದ್ದರು, ತಮಿಳುನಾಡಿನವರು, 2005ರಲ್ಲಿ ತೀರಿಕೊಂಡರು. ದಲಿತರ ಹಳ್ಳಿಯ ಹಾಡು, ಹಳ್ಳಿಯ ವಾದ್ಯಗಳನ್ನೇ ಆರಾಧನೆಗೆ ತಂದರು. ಒಂದೇ ಮಡಕೆಯಲ್ಲಿ ಬೇಯಿಸಿ ಎಲ್ಲರೂ ಕೂತು ಉಣ್ಣುವುದೇ ಪ್ರಭುಭೋಜನದ ಅರ್ಥ ಅಂತ ಕಲಿಸಿದರು. ಮಡಕೆ, ಮಾಸ್ಟ್ರೆ. ಮಣ್ಣಿನದ್ದು.

ಸಾಲದ್ದಕ್ಕೆ ನಿಮ್ಮ ಸಂತ ಪೌಲನೇ ನಮ್ಮ ಪರ ಇದ್ದಾನೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಿದ್ದರು. ಕೂಲಿ ಮುಗಿಸಿ ಬಂದವರಿಗೆ ಹಸಿವು. ನೀವು ತಿನ್ನುತ್ತಿರುವುದು ಪ್ರಭುವಿನ ಊಟವೇ ಅಲ್ಲ ಅಂತ ಪೌಲ ಅವರಿಗೆ ಖಾರವಾಗಿ ಬರೆದ. ಹಾಡಿನ ಧಾಟಿಯ ಬಗ್ಗೆ, ಪಾತ್ರೆಯ ಲೋಹದ ಬಗ್ಗೆ ಅಲ್ಲಿ ಅವನ ತಕರಾರು ಇರಲಿಲ್ಲ. ಪಂಕ್ತಿ ಕೆಟ್ಟರೆ ಪೂಜೆಯೇ ಕೆಟ್ಟಿತು ಅಂದ.

ಜನವರಿಯ ಕೊನೆಗೆ ಕಾರ್ಕಳದ ಅತ್ತೂರಿನಲ್ಲಿ ಜಾತ್ರೆ. ಜಾತಿ ಮತ ನೋಡದೆ ತುಳುನಾಡೇ ಅಲ್ಲಿಗೆ ನುಗ್ಗುತ್ತದೆ, ಹರಕೆಯ ಬತ್ತಿ ಹಿಡಿದು ನಮ್ಮ ಕೇರಿಯವರೂ ಹೋಗುತ್ತಾರೆ. 2016ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಸಿಕ್ಕಿತು. ಅಲ್ಲಿ ನಿಂತಿರುವ ಸಂತ ಲಾರೆನ್ಸ್ ಯಾರು? ಕ್ರಿ.ಶ. 258ರಲ್ಲಿ ರೋಮಿನಲ್ಲಿ ಸುಡಿಸಿಕೊಂಡು ಸತ್ತವನು ಅನ್ನುತ್ತದೆ ಪರಂಪರೆ. ಸಭೆಯ ಖಜಾನೆ ತಂದೊಪ್ಪಿಸು ಅಂತ ಅಧಿಕಾರಿ ಕೇಳಿದಾಗ ಬಡವರನ್ನು, ಕುಂಟರನ್ನು, ಕುರುಡರನ್ನು ಸಾಲಾಗಿ ಕರೆತಂದು ಇದೇ ಖಜಾನೆ ಅಂದನಂತೆ. ಆ ಸಾಲಿನಲ್ಲಿ ದಾನಿಗಳು ಇರಲಿಲ್ಲ.

ಮಾಸ್ಟ್ರೆ, ಉಡುಪಿ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾದದ್ದು 2012ರಲ್ಲಿ. ಈಗ ಬಿಷಪರು ದೂರದಲ್ಲಿಲ್ಲ, ಒಂದು ಬಸ್ಸಿನ ದಾರಿ. ನಿಮ್ಮ ಮೂರನೇ ಕಾಗದವನ್ನು ಈ ವಿಷಯದ ಮೇಲೆ ಹಾಕಿ. 32ನೇ ವಿಧಿ ಅಂತ ಮೇಲೆ ಬರೆಯಿರಿ. ಹಬ್ಬದ ತಾರೀಕು, ಕೂಗಿದ ಹೆಸರುಗಳ ಸಂಖ್ಯೆ, ಕೊಟ್ಟ ಬತ್ತಿಗಳ ಸಂಖ್ಯೆ, ಆ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ನಿಂತವರ ಸಂಖ್ಯೆ, ಎಲ್ಲ ನಿಮ್ಮ ನೋಟ್‌ಬುಕ್ಕಿನ ಕ್ರಮದಲ್ಲೇ ಇರಲಿ. ದೂರು ಕೊಡುವ ಹಕ್ಕು 2004ರ ಪತ್ರದಲ್ಲಿ ಇದ್ದೇ ಇದೆ. ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಪ್ರತಿಯನ್ನು ರೋಮಿಗೆ ಹಾಕಿ. ಅಂಚೆಯ ಖರ್ಚು ನಾವು ಹುಡುಗರು ಎತ್ತಿ ಕೊಡುತ್ತೇವೆ.