ಐದು ದೂರು ಸೇರಿದರೆ ಕಾಟದ ಕರೆಗೆ ಬೀಗ

ಹಾಲು ಉತ್ಪಾದಕ ಸಹೋದರಿಯರೇ,

ಈ ಸಂಚಿಕೆಯಲ್ಲಿ ಕೆಚ್ಚಲು ಬಾವು, ಜಂತುಹುಳುವಿನ ಮಾತು ಬಿಟ್ಟು ನಿಮ್ಮ ಕೈಯಲ್ಲಿರುವ ಫೋನಿನ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯರಿಗೆ ಫೋನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಆ ಫೋನಿಗೂ ನಿಮ್ಮ ಕೊಟ್ಟಿಗೆಗೂ ನೇರ ಸಂಬಂಧವಿದೆ.

ಸಾಲ ಬೇಕಾ, ವಿಮೆ ಮಾಡಿಸುತ್ತೀರಾ, ಸೈಟು ತಗೊಳ್ಳುತ್ತೀರಾ, ಈ ಪುಡಿ ಹಾಕಿದರೆ ಹಸು ಎರಡು ಲೀಟರ್ ಜಾಸ್ತಿ ಹಾಲು ಕೊಡುತ್ತದೆ... ಹಾಲು ಕರೆಯುವ ಹೊತ್ತು, ಹುಲ್ಲು ಕೊಯ್ಯುವ ಹೊತ್ತು ಎನ್ನದೆ ಇಂಥ ಕರೆಗಳು ಬರುತ್ತವೆ. ಬೇಸತ್ತು ನಿಮ್ಮಲ್ಲಿ ಅನೇಕರು ಗೊತ್ತಿಲ್ಲದ ನಂಬರನ್ನು ಎತ್ತುವುದನ್ನೇ ಬಿಟ್ಟಿದ್ದೀರಿ. ಅದು ನಿಮ್ಮ ತಪ್ಪಲ್ಲ. ಆದರೆ ಹೊಸದಾಗಿ ವರ್ಗವಾಗಿ ಬಂದ ವೈದ್ಯರ ನಂಬರೂ, ಕೃತಕ ಗರ್ಭಧಾರಣೆ ಕಾರ್ಯಕರ್ತರ ನಂಬರೂ ನಿಮಗೆ ಗೊತ್ತಿಲ್ಲದ ನಂಬರೇ. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ ಗರ್ಭಧಾರಣೆ ಆಗಬೇಕು. ಮನೆ ದಾರಿ ಕೇಳಲು ಮಾಡಿದ ಕರೆ ಎತ್ತದೆ ಆ ಸಂಜೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿಯ ಖರ್ಚು ನಿಮ್ಮದೇ. ಕರು ಹಾಕಿದ ಹಸು ಹಾಲು ಜ್ವರದಿಂದ ಕುತ್ತಿಗೆ ತಿರುಗಿಸಿ ಮಲಗಿದ್ದರಂತೂ ಕ್ಯಾಲ್ಸಿಯಂ ಕೊಡುವುದು ತಡವಾದಷ್ಟೂ ಅದರ ಜೀವಕ್ಕೇ ಅಪಾಯ. ಕಾಟದ ಕರೆಯನ್ನು ಬರೀ ಕಿರಿಕಿರಿ ಎಂದು ಬಿಡಬಾರದು ಎನ್ನುವುದು ಇದಕ್ಕೇ.

ಇದಕ್ಕೆ ನಮ್ಮ ದೇಶದಲ್ಲಿ ಕಾನೂನು ಇದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ಮಾಡಿದ ನಿಯಮಗಳನ್ನು 2025ರ ಫೆಬ್ರವರಿಯಲ್ಲಿ ಇನ್ನಷ್ಟು ಬಿಗಿ ಮಾಡಿದೆ. ವ್ಯಾಪಾರದ ಪ್ರಚಾರಕ್ಕೆ ಕರೆ ಮಾಡುವವರು ನೋಂದಣಿ ಮಾಡಿಸಿಕೊಳ್ಳಬೇಕು, 140ರಿಂದ ಶುರುವಾಗುವ ನಂಬರಿನಿಂದಲೇ ಕರೆ ಮಾಡಬೇಕು. ನಿಮ್ಮ ನಮ್ಮ ನಂಬರಿನಂಥ ಸಾಮಾನ್ಯ ಹತ್ತು ಅಂಕಿಯ ಮೊಬೈಲಿನಿಂದ ಪ್ರಚಾರ ಮಾಡುವಂತಿಲ್ಲ. ‘ನನಗೆ ಪ್ರಚಾರದ ಕರೆ ಬೇಡ’ ಎಂದು ನೀವು ನೋಂದಾಯಿಸಿದ್ದರೆ 140ರ ನಂಬರಿನವರೂ ನಿಮ್ಮ ಒಪ್ಪಿಗೆ ಇಲ್ಲದೆ ಕರೆಯುವಂತಿಲ್ಲ.

ನೋಂದಾಯಿಸಲು ದುಡ್ಡು ಕೊಡಬೇಕಿಲ್ಲ. ನಿಮ್ಮ ಫೋನಿನಿಂದ 1909ಕ್ಕೆ ಕರೆ ಮಾಡಿ ಅಲ್ಲಿ ಹೇಳಿದಂತೆ ಮಾಡಿದರಾಯಿತು. ಇಲ್ಲವೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ, ಅದೇ 1909ಕ್ಕೆ ಎಸ್‌ಎಂಎಸ್ ಕಳಿಸಬಹುದು. ಒಂದೊಂದು ನಂಬರನ್ನೂ ಬೇರೆ ಬೇರೆಯಾಗಿ ನೋಂದಾಯಿಸಬೇಕು. ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್ ಮಗನ ಜೇಬಿನಲ್ಲಿದ್ದರೆ ಅದನ್ನೂ ಮರೆಯಬೇಡಿ.

ಇದನ್ನು ಹೇಳಿದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ, ‘ಹಾಗೆ ಮಾಡಿದರೆ ಬಟವಾಡೆ ಮೆಸೇಜೂ ನಿಂತು ಹೋಗುತ್ತದಲ್ಲ ಡಾಕ್ಟ್ರೇ?’ ಇಲ್ಲ. ಖಾತೆಗೆ ಹಣ ಜಮಾ ಆದ ಸಂದೇಶ, ಪ್ರೋತ್ಸಾಹಧನ ಬಂದ ಸಂದೇಶ, ಓಟಿಪಿ ಎಲ್ಲವೂ ಮೊದಲಿನಂತೆ ಬರುತ್ತವೆ. ನಿಲ್ಲುವುದು ಪ್ರಚಾರ ಮಾತ್ರ.

ನೋಂದಾಯಿಸಿದ ಮೇಲೂ ಕಾಟ ನಿಲ್ಲದಿದ್ದರೆ? ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೆ. ಕರೆ ಬಂದ 7 ದಿನಗಳೊಳಗೆ ಅದೇ 1909ಕ್ಕೆ ದೂರು ಕೊಡಬಹುದು. ಯಾವ ನಂಬರು, ಯಾವ ದಿನ, ಏನು ಮಾರುತ್ತಿದ್ದರು ಎಂಬಷ್ಟು ಹೇಳಿದರೆ ಸಾಕು. ಹತ್ತು ಅಂಕಿಯ ಸಾಮಾನ್ಯ ನಂಬರಿನಿಂದ ಪ್ರಚಾರ ಮಾಡಿದವರ ಮೇಲೆ ನೋಂದಾಯಿಸದವರೂ ದೂರಬಹುದು. ಅಂಥ ನಂಬರಿನ ಮೇಲೆ 10 ದಿನಗಳಲ್ಲಿ 5 ಜನರ ದೂರು ಬಂದರೆ ಫೋನ್ ಕಂಪನಿ ಕ್ರಮ ಕೈಗೊಳ್ಳಲೇಬೇಕು. ತಪ್ಪು ಸಾಬೀತಾದರೆ ಮೊದಲ ಸಲ 15 ದಿನ ಹೊರಹೋಗುವ ಕರೆಗಳು ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಕಂಪನಿಗಳ ಸಂಪರ್ಕವೂ ಕಡಿತ.

ಐದು ದೂರು! ಮನೆಯಲ್ಲಿ ಒಬ್ಬರೇ ಕೂತು ಬೈದುಕೊಂಡು ನಂಬರ್ ಬ್ಲಾಕ್ ಮಾಡಿದರೆ ಅವನು ಪಕ್ಕದ ಮನೆಗೆ ಕರೆ ಮಾಡುತ್ತಾನೆ. ಐದು ಮಂದಿ ದೂರಿದರೆ ಅವನ ಅಂಗಡಿಯೇ ಮುಚ್ಚುತ್ತದೆ. ಒಬ್ಬರ ಎರಡು ಲೀಟರ್ ಹಾಲನ್ನು ಪೇಟೆಯಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಊರಿನ ಹಾಲೆಲ್ಲ ಡೇರಿಗೆ ಬಂದಾಗ ಲಾರಿ ಬರುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದೂರಿನ ಲೆಕ್ಕವೂ ಹಾಗೆಯೇ.

ಆದ್ದರಿಂದ ಪ್ರತಿ ಸಂಘವೂ ಒಂದು ಕೆಲಸ ಮಾಡಲಿ ಎಂಬುದು ನನ್ನ ಒತ್ತಾಯ. ಒಂದು ಸಂಜೆ ಹಾಲು ಹಾಕಲು ಬಂದಾಗಲೇ ಎಲ್ಲ ಸದಸ್ಯೆಯರ ನಂಬರನ್ನೂ ನೋಂದಾಯಿಸಿಬಿಡಿ. ಓದು ಬರುವ ಹೆಣ್ಣುಮಕ್ಕಳು ಬರದವರಿಗೆ ನೆರವಾಗಲಿ. ಕಾಟ ಕೊಡುವ ನಂಬರುಗಳನ್ನು ಡೇರಿಯ ಸೂಚನಾ ಫಲಕದಲ್ಲಿ ಬರೆಯಿರಿ. ಅದೇ ನಂಬರಿನಿಂದ ಕರೆ ಬಂದವರೆಲ್ಲ ತಮ್ಮ ತಮ್ಮ ಫೋನಿನಿಂದ ದೂರು ಕೊಡಿ. ಆ ಫಲಕದಲ್ಲೇ ವೈದ್ಯರ, ಗರ್ಭಧಾರಣೆ ಕಾರ್ಯಕರ್ತರ ನಂಬರೂ ಇರಲಿ, ಎಲ್ಲರೂ ಅವನ್ನು ಹೆಸರು ಹಾಕಿ ಸೇವ್ ಮಾಡಿಕೊಳ್ಳಿ. ಸದಸ್ಯೆಯರ ಫೋನ್ ನಂಬರಿನ ಪಟ್ಟಿಯನ್ನು ಯಾವ ಮಾರಾಟಗಾರನಿಗೂ ಕೊಡುವುದಿಲ್ಲ ಎಂದು ಸಂಘ ನಿರ್ಣಯ ಮಾಡಲಿ.

ಕಾನೂನಿನ ಮೇಲೆ ನನಗೊಂದು ತಕರಾರೂ ಇದೆ. ‘ಬೇಡ’ ಎಂದು ನಾವು ಹೇಳುವವರೆಗೂ ಪ್ರಚಾರದವರಿಗೆ ಬಾಗಿಲು ತೆರೆದೇ ಇರುತ್ತದೆ. ‘ಬೇಕು’ ಎಂದವರಿಗೆ ಮಾತ್ರ ಕರೆ ಮಾಡಲಿ ಎನ್ನುವುದೇ ನ್ಯಾಯ. ದನ ಬೇರೆಯವರ ಹೊಲಕ್ಕೆ ನುಗ್ಗದಂತೆ ನೋಡಿಕೊಳ್ಳಬೇಕಾದವರು ದನದ ಯಜಮಾನರಲ್ಲವೇ?

ಕೊನೆಗೊಂದು ಎಚ್ಚರಿಕೆ. ಈ ನೋಂದಣಿ ವ್ಯಾಪಾರಿಗಳನ್ನು ತಡೆಯುತ್ತದೆ, ಕಳ್ಳರನ್ನಲ್ಲ. ಕರೆ ಮಾಡಿದವರು ಬ್ಯಾಂಕಿನವರೇ ಎಂದರೂ, ಡೇರಿಯವರೇ ಎಂದರೂ ಓಟಿಪಿ, ಪಿನ್ ಹೇಳಬೇಡಿ. ಹಣ ಹೋಯಿತು ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಬೇಡದ ಪ್ರಚಾರಕ್ಕೆ 1909, ಮೋಸಕ್ಕೆ 1930. ಹಸುವಿನ ತುರ್ತಿಗೆ ಪಶು ಸಂಜೀವಿನಿಯ 1962 ನಿಮಗೆ ಗೊತ್ತೇ ಇದೆ. ಈ ಮೂರನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.