‘ಹಳೆಯದಾಗಿತ್ತು’ ಎಂಬ ಉತ್ತರ ನಮಗೆ ಸಾಲದು

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಚಾಲಕ ಬದುಕಿದ. ಆಮೇಲೆ ನಮಗೆ ಹೆಚ್ಚು ಕೇಳಿದ ಮಾತು: ನಲವತ್ತು ವರ್ಷದ್ದು, ಬೀಳದೆ ಇನ್ನೇನು? ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ನಲವತ್ತು ಸೇತುವೆಗೆ ಸಾಯುವ ವಯಸ್ಸಲ್ಲ. ಪಕ್ಕದ ಗೋವೆಯ ಪಣಜಿಯಲ್ಲಿ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಬಿದ್ದಾಗ ಅದಕ್ಕೆ ಇಪ್ಪತ್ತೂ ತುಂಬಿರಲಿಲ್ಲ. ಒಳಗಿನ ಉಕ್ಕಿಗೆ ತುಕ್ಕು ಹಿಡಿದಿತ್ತು. ಕರಾವಳಿಯಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟರೆ ವಯಸ್ಸಿಗಿಂತ ಮೊದಲು ಕೇಳಬೇಕಾದದ್ದು ಉಪ್ಪಿನ ಲೆಕ್ಕ.

ಸಿಮೆಂಟಿನ ಕ್ಷಾರಗುಣದಿಂದ ಒಳಗಿನ ಸರಳಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರವೊಂದು ಮೂಡಿ ತುಕ್ಕನ್ನು ತಡೆಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಸರಳಿನ ಬಳಿ ಸಾಕಷ್ಟು ಸೇರಿಕೊಂಡರೆ ಆ ಪದರ ಅಲ್ಲಲ್ಲಿ ಒಡೆಯುತ್ತದೆ. ಗಾಳಿ, ತೇವ ಸಿಕ್ಕಿದರೆ ತುಕ್ಕು ಶುರು. ಕ್ಲೋರೈಡ್ ಈ ಕೆಲಸದಲ್ಲಿ ಖರ್ಚಾಗುವುದೂ ಇಲ್ಲ, ಅಲ್ಲೇ ಉಳಿದು ಸರಳನ್ನು ಮತ್ತೆ ಮತ್ತೆ ತಿನ್ನಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಹಾಗಾಗಿ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಹೊರಗೆ ಬಿರುಕು ಕಾಣುವಷ್ಟರಲ್ಲಿ ಸರಳು ಸಾಕಷ್ಟು ಸವೆದಿರುತ್ತದೆ.

ಉಪ್ಪು ಕಡಲ ಗಾಳಿಯಿಂದ, ಅಳಿವೆಯ ನೀರಿನಿಂದ ಮಾತ್ರ ಬರುವುದಲ್ಲ. ತೊಳೆಯದ ಮರಳು, ಸವಳು ಬಾವಿಯ ನೀರು ಹಾಕಿ ಕಲಸಿದರೆ ಮೊದಲ ದಿನವೇ ಒಳಗೆ ಸೇರುತ್ತದೆ. ನಿಯಮವೇನೋ ಇದೆ. ಐಎಸ್ 456:2000ರ ಪ್ರಕಾರ ಸರಳು ಹಾಕಿದ ಕಾಂಕ್ರೀಟಿನ ಒಂದು ಘನ ಮೀಟರಿನಲ್ಲಿ ಕ್ಲೋರೈಡ್ 0.6 ಕಿಲೋ ಮೀರಬಾರದು. ಕಲಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಕಾಮಗಾರಿ ನಡೆಯುವಲ್ಲಿ ಹೋಗಿ ನೀರಿನ ಪರೀಕ್ಷಾ ವರದಿ ಕೇಳಿ ನೋಡಿ. ನಾವು ಕೇಳಿದ್ದೇವೆ. ಕುಡಿಯಲು ಚಹಾ ಬಂತು, ವರದಿ ಬರಲಿಲ್ಲ.

ಇನ್ನು ದುರಸ್ತಿ ಎಂಬ ನಾಟಕ. ಉದುರಿದ ಜಾಗಕ್ಕೆ ಗಾರೆ ಮೆತ್ತಿ, ಬಣ್ಣ ಬಳಿದು, ಬಿಲ್ ಮಾಡಿ ಮುಗಿಸುತ್ತಾರೆ. ಸುತ್ತಲಿನ ಹಳೆಯ ಕಾಂಕ್ರೀಟಿನಲ್ಲಿ ಕ್ಲೋರೈಡ್ ಹಾಗೇ ಇರುತ್ತದಲ್ಲ! ತೇಪೆಯ ಅಂಚಿನಲ್ಲೇ ಸರಳು ಮೊದಲಿಗಿಂತ ಬೇಗ ಸವೆಯತೊಡಗುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಪಕ್ಕದಲ್ಲಿ ಮತ್ತೊಂದು ತೇಪೆ, ಮತ್ತೊಂದು ಬಿಲ್.

ಕಾಂಕ್ರೀಟಿಗೆ ಡ್ರಿಲ್ ಹಾಕಿ, ಬೇರೆ ಬೇರೆ ಆಳದ ಪುಡಿ ತೆಗೆದು ಪ್ರಯೋಗಾಲಯಕ್ಕೆ ಕೊಟ್ಟರೆ ಉಪ್ಪು ಎಲ್ಲಿಯವರೆಗೆ ಇಳಿದಿದೆ ಎಂದು ತಿಳಿಯುತ್ತದೆ. ಇದೇನು ರಾಕೆಟ್ ಉಡಾಯಿಸುವ ಕೆಲಸವಲ್ಲ. ಕರಾವಳಿಯ ಪ್ರತಿ ಸೇತುವೆ, ಶಾಲೆ, ನೀರಿನ ಟ್ಯಾಂಕಿಗೂ ಈ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ಪಂಚಾಯ್ತಿಯ ಫಲಕದಲ್ಲಿ ಹಚ್ಚಿ. ಅಲ್ಲಿಯವರೆಗೆ ತೇಪೆಯ ಬಿಲ್ಲಿಗೆ ಸಹಿ ಬೀಳಬಾರದು.