ಆಡಿದವರು ಕಟ್ಟಿದ ಆಟ

ಆಟದಲ್ಲಿ ಮುಳುಗಿದವನು ಕೆಟ್ಟನೆಂಬ ಮಾತು ಹಿರಿಯರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ವಿಡಿಯೋ ಗೇಮುಗಳ ವಿಷಯದಲ್ಲಂತೂ ಈ ಆಕ್ಷೇಪ ಇನ್ನೂ ತೀವ್ರವಾದುದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಆಟದ ಮೇಲಣ ಪ್ರೀತಿ ಒಬ್ಬನನ್ನು ಎಲ್ಲಿಗೆ ಒಯ್ಯುವುದೆಂಬುದು ಅವನ ಮನೋಧರ್ಮವನ್ನು ಅವಲಂಬಿಸಿದೆ. ಅಮೆರಿಕದ ಎರಿಕ್ ಬರೋನ್ ಅವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ.

ಬರೋನ್ ಬಾಲ್ಯದಲ್ಲಿ ಬಹುವಾಗಿ ಮೆಚ್ಚಿದ್ದು ‘ಹಾರ್ವೆಸ್ಟ್ ಮೂನ್’ ಎಂಬ ಜಪಾನಿನ ಆಟಮಾಲೆಯನ್ನು. ಇದರ ಮೊದಲ ಆಟ 1996ರಲ್ಲಿ ಹೊರಬಂದಿತು. ಹೊಲವನ್ನು ಹಸನು ಮಾಡುವುದು, ಬಿತ್ತುವುದು, ದನಕರುಗಳನ್ನು ಸಾಕುವುದು, ಊರವರ ಸ್ನೇಹ ಗಳಿಸುವುದು—ಇದೇ ಅದರ ತಿರುಳು. ಕಾಲ ಕಳೆದಂತೆ ಈ ಮಾಲೆಯ ಹೊಸ ಆಟಗಳಲ್ಲಿ ಹಿಂದಿನ ಸೊಗಸು ಉಳಿದಿಲ್ಲವೆಂದು ಅವರಿಗೆ ತೋರಿತು. ಇಂತಹ ಸಂದರ್ಭದಲ್ಲಿ ಅನೇಕರು ದೂರಿ ಸುಮ್ಮನಾಗುತ್ತಾರೆ. ಬರೋನ್ ತಾವೇ ಒಂದು ಆಟವನ್ನು ಕಟ್ಟಲು ತೊಡಗಿದರು.

2011ರಲ್ಲಿ ಅವರು ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದರೂ ತಕ್ಕ ನೌಕರಿ ದೊರೆಯಲಿಲ್ಲ. ಕೈ ಪಳಗಲೆಂದು ಆರಂಭಿಸಿದ ಆಟವೇ ಅವರ ಕಾಯಕವಾಯಿತು. ಪ್ರೋಗ್ರಾಂ, ಚಿತ್ರ, ಸಂಗೀತ, ಕಥೆ, ಸಂಭಾಷಣೆ ಎಲ್ಲವೂ ಅವರ ಕೈಯಿಂದಲೇ ಮೂಡಿದವು. ಮನಸ್ಸಿಗೆ ಒಪ್ಪದ ಚಿತ್ರಗಳನ್ನು ಅಳಿಸಿ ಮತ್ತೆ ಮತ್ತೆ ಬರೆದರು. ಹೀಗೆ ನಾಲ್ಕೂವರೆ ವರ್ಷಗಳು ಸಂದವು. ಆ ಅವಧಿಯಲ್ಲಿ ಅವರು ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸವನ್ನೂ ಮಾಡಿದರು. ಬಾಳಸಂಗಾತಿಯ ದುಡಿಮೆಯೂ ಸಂಸಾರಕ್ಕೆ ಆಧಾರವಾಯಿತು. ಒಬ್ಬರೇ ಸಾಧಿಸಿದರೆಂಬ ಕೀರ್ತಿಯಲ್ಲಿ ಆ ದುಡಿಮೆಗೂ ಪಾಲುಂಟೆಂಬುದನ್ನು ನಾವು ಮರೆಯಲಾಗದು.

2016ರ ಫೆಬ್ರವರಿ 26ರಂದು ‘ಸ್ಟಾರ್‌ಡ್ಯೂ ವ್ಯಾಲಿ’ ಪ್ರಕಟವಾಯಿತು. ಕಚೇರಿಯ ಬೇಸರದ ಬದುಕನ್ನು ತೊರೆದು, ಅಜ್ಜ ಬಿಟ್ಟುಹೋದ ಪಾಳು ಹೊಲವನ್ನು ಹಸನುಮಾಡಲು ಹಳ್ಳಿಗೆ ಬರುವ ವ್ಯಕ್ತಿಯೇ ಅದರ ನಾಯಕ. 2024ರ ಡಿಸೆಂಬರ್ ವೇಳೆಗೆ ಅದರ 4 ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾಗಿದ್ದವು. ಧನ ಬಂದಮೇಲೂ ಅವರ ಶ್ರದ್ಧೆ ಕುಗ್ಗಲಿಲ್ಲ. ಆಟಕ್ಕೆ ಹೊಸ ಹೊಸ ಭಾಗಗಳನ್ನು ರಚಿಸಿ, ಹಿಂದೆ ಕೊಂಡವರಿಗೆ ಬೆಲೆಯಿಲ್ಲದೆ ನೀಡಿದರು.

ಈ ಗೆಲುವನ್ನಷ್ಟೇ ಕಂಡು, ಹಟ ಹಿಡಿದವರೆಲ್ಲ ಗೆಲ್ಲುವರೆಂದು ಭಾವಿಸುವುದು ಸರಿಯಲ್ಲ. ಹೀಗೆಯೇ ದುಡಿದು ಬೆಳಕಿಗೆ ಬಾರದವರು ಎಷ್ಟೋ ಮಂದಿ. ಆದ್ದರಿಂದ ಬರೋನ್ ಅವರಿಂದ ಕಲಿಯತಕ್ಕದ್ದು ಗಳಿಕೆಯ ಗುಟ್ಟನ್ನಲ್ಲ, ಮೆಚ್ಚುವ ರೀತಿಯನ್ನು. ಮೆಚ್ಚಿದ್ದರಲ್ಲಿ ಗುಣವೇನು, ಕೊರತೆಯೇನು ಎಂದು ಅರಿಯುವುದು ವಿವೇಕ. ಆ ಕೊರತೆಯನ್ನು ತುಂಬಲು ದುಡಿಯುವುದು ಸೃಷ್ಟಿ. ಇವೆರಡೂ ಕೂಡಿದಾಗ ಆಟದಲ್ಲಿ ಕಳೆದ ಹೊತ್ತು ವ್ಯರ್ಥವಾಗದು; ಇವಿಲ್ಲದಿದ್ದರೆ ಹಿರಿಯರ ಆಕ್ಷೇಪವೇ ನಿಜವಾದೀತು.